ಅಜ್ಜನ ಕಣ್ಣಿಗೆ ಒಂದು ತೊಟ್ಟು

"ಅಜ್ಜ, ಕಣ್ಣು ಯಾಕೆ ಇಷ್ಟು ಕೆಂಪಗಾಗಿದೆ?"

ಸ್ಕೂಲ್ ಬ್ಯಾಗ್ ಇಳಿಸುವುದನ್ನೂ ಮರೆತು ಗಿಣಿ ನಿಂತುಬಿಟ್ಟಳು. ಹಾಡಹಗಲಲ್ಲೇ ಪರದೆ ಎಳೆದುಕೊಂಡು ಅಜ್ಜ ಕತ್ತಲಲ್ಲಿ ಕೂತಿದ್ದ.

"ಏನೂ ಇಲ್ಲ, ಧೂಳು ಬಿದ್ದಿರಬೇಕು. ಲೈಟ್ ಹಾಕಬೇಡ, ಚುಚ್ಚುತ್ತೆ."

ಧೂಳಲ್ಲ ಎಂದು ಗಿಣಿಗೆ ಗೊತ್ತಿತ್ತು.

ಅಜ್ಜ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಕಣ್ಣಿಗೆ ಪೊರೆ ಬಂದು ಸ್ಕ್ರೂ ಕಾಣದಂತಾದಾಗ ಆಪರೇಷನ್ ಆಗಿತ್ತು. ಒಳಗಿನ ಊತ ಇಳಿಯಲು ಡ್ರಾಪ್ಸ್ ಕೊಟ್ಟಿದ್ದರು. ಅಮ್ಮ ಬೆಳಗ್ಗೆ ಬೇಗ ಕಾರ್ಖಾನೆಗೆ ಹೋದರೆ ಬರುವುದು ತಡ. ಹಾಗಾಗಿ ಡ್ರಾಪ್ಸ್ ಹಾಕುವ ಜವಾಬ್ದಾರಿ ಗಿಣಿಯ ತಲೆಗೆ ಬಿತ್ತು.

ಅದೇನು ಸುಲಭದ ಕೆಲಸವೇ? ಬಾಟಲಿ ಹತ್ತಿರ ಬಂದರೆ ಸಾಕು, ಅಜ್ಜ ರೆಪ್ಪೆ ಮುಚ್ಚಿಬಿಡುತ್ತಿದ್ದ. ಮದ್ದು ಕೆನ್ನೆಯ ಮೇಲೆ ಇಳಿಯುತ್ತಿತ್ತು. "ನಿನ್ನ ಕೈಯೇ ಸರಿಯಿಲ್ಲ" ಎಂಬ ಬೈಗುಳ ಬೇರೆ!

ಕಳೆದ ವಾರ ಅಜ್ಜನಿಗೆ ಎಲ್ಲವೂ ನಿಚ್ಚಳವಾಗಿ ಕಾಣತೊಡಗಿತು.

"ಚೆನ್ನಾಗಿ ಓಡ್ತಿರೋ ಗಡಿಯಾರಕ್ಕೆ ಎಣ್ಣೆ ಬಿಡಬಾರದು, ಕೆಟ್ಟುಹೋಗುತ್ತೆ. ಕಣ್ಣೂ ಅಷ್ಟೇ. ಇನ್ನು ಡ್ರಾಪ್ಸ್ ಬೇಡ. ಅಮ್ಮ ಕೇಳಿದ್ರೆ ಹಾಕಿದೆ ಅನ್ನು," ಎಂದಿದ್ದ.

ಯಾವ ಗುಟ್ಟೂ ಬಾಯಲ್ಲಿ ನಿಲ್ಲುವುದಿಲ್ಲ ಎಂದೇ ಅವಳಿಗೆ ಗಿಣಿ ಎಂಬ ಹೆಸರು ಬಿದ್ದಿದ್ದು. ಆದರೆ ಅಜ್ಜನಿಗೆ ಮಾತು ಕೊಟ್ಟಾಗಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಈಗ ಅವಳು ಬಾಗಿಲಲ್ಲಿ ನಿಂತು ಕೈ ಎತ್ತಿದಳು. "ಎಷ್ಟು ಬೆರಳು, ಹೇಳು?"

ಅಜ್ಜ ಒಳ್ಳೆಯ ಕಣ್ಣನ್ನು ಮುಚ್ಚಿಕೊಂಡು ನೋಡಿದ. "ಕೈಯೇ ಮಸುಕು ಮಸುಕು," ಎಂದ.

ಗಿಣಿ ಅಮ್ಮನಿಗೆ ಫೋನ್ ಮಾಡಿದಳು. "ಅಜ್ಜನ ಕಣ್ಣು ಕೆಂಪಾಗಿದೆ, ಬೇಗ ಬಾ," ಎಂದಷ್ಟೇ ಹೇಳಿದಳು.

ಕಣ್ಣಾಸ್ಪತ್ರೆಯಲ್ಲಿ ಅಜ್ಜ ಯಂತ್ರದ ಮೇಲೆ ಗದ್ದ ಊರಿ ಕೂತ. ಡಾಕ್ಟರಮ್ಮ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಡ್ರಾಪ್ಸ್ ತಪ್ಪದೆ ಹಾಕ್ತಿದ್ದೀರಾ?"

"ಓಹೋ, ಒಂದು ಹೊತ್ತೂ ತಪ್ಪಿಸಿಲ್ಲ," ಎಂದ ಅಜ್ಜ, ಗಿಣಿಯ ಕೈ ಅದುಮುತ್ತಾ.

"ನನ್ನ ಮಗಳೇ ಹಾಕೋದು," ಎಂದಳು ಅಮ್ಮ ಹೆಮ್ಮೆಯಿಂದ.

ಡಾಕ್ಟರಮ್ಮನ ಹುಬ್ಬು ಗಂಟಾಯಿತು. "ಹಾಕ್ತಿದ್ರೂ ಹೀಗಾಗಿದೆ ಅಂದ್ರೆ ಬೇರೆ ಏನೋ ತೊಂದರೆ. ಕಣ್ಣಿಗೆ ಸೂಜಿ ಹಾಕಿ, ಒಳಗಿನ ನೀರು ತೆಗೆದು ಟೆಸ್ಟ್ ಮಾಡಬೇಕಾಗಬಹುದು."

ಸೂಜಿ! ಕಣ್ಣಿಗೆ! ಗಿಣಿ ಅಜ್ಜನ ಮುಖ ನೋಡಿದಳು. ಹೇಳಿದರೆ ಅಜ್ಜ ಇನ್ನು ಮಾತೇ ಆಡಲಿಕ್ಕಿಲ್ಲ. ಹೇಳದಿದ್ದರೆ?

"ಹಾಕಿಲ್ಲ!" ಎಂದು ಅವಳು ಕಿರುಚಿಯೇಬಿಟ್ಟಳು. "ಕಳೆದ ವಾರದಿಂದ ಒಂದು ತೊಟ್ಟೂ ಹಾಕಿಲ್ಲ ಡಾಕ್ಟರ್! ಅಮ್ಮಂಗೆ ನಾನು ಸುಳ್ಳು ಹೇಳಿದೆ."

ಅಜ್ಜ ಅವಳ ಕೈ ಬಿಟ್ಟುಬಿಟ್ಟ.

ಡಾಕ್ಟರಮ್ಮ ಮತ್ತೊಮ್ಮೆ ಕಣ್ಣು ಪರೀಕ್ಷಿಸಿದರು. "ಹಾಗಾದ್ರೆ ಸದ್ಯಕ್ಕೆ ಸೂಜಿ ಬೇಡ. ಹೊರಗೆ ಚೆನ್ನಾಗಿ ಕಂಡ್ರೂ ಒಳಗೆ ಗಾಯ ಇನ್ನೂ ಮಾಯ್ತಾ ಇರುತ್ತೆ, ಅಜ್ಜಾ. ಈ ಡ್ರಾಪ್ಸನ್ನ ನಾವು ಹೇಳಿದಾಗ ನಿಧಾನಕ್ಕೆ ಕಡಿಮೆ ಮಾಡಬೇಕು. ಇವತ್ತೇ ಮತ್ತೆ ಶುರು ಮಾಡಿ, ನಾಳೆ ಬೆಳಗ್ಗೆ ಬಂದು ತೋರಿಸಿ."

ದಾರಿಯುದ್ದಕ್ಕೂ ಅಮ್ಮ ಇಬ್ಬರಿಗೂ ಸೇರಿಸಿ ಮಂಗಳಾರತಿ ಮಾಡಿದಳು. ಅಜ್ಜ ಗಿಣಿಯ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದೊಡನೆ ಅಮ್ಮ ಬಾಟಲಿ ಕೈಗೆತ್ತಿಕೊಂಡಳು. "ಅಪ್ಪಾ, ತಲೆ ಹಿಂದಕ್ಕೆ ಹಾಕು."

"ಅವಳೇ ಹಾಕ್ಲಿ," ಎಂದ ಅಜ್ಜ.

ಗಿಣಿ ಕೈ ತೊಳೆದು, ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಅವನ ಮುಖದ ಮೇಲೆ ಬಾಗಿದಳು. ಆಗ ಅವಳ ದೃಷ್ಟಿ ಕುರ್ಚಿಯ ಹಿಡಿಯ ಮೇಲೆ ಹೋಯಿತು. ಅಜ್ಜನ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದಿದ್ದವು. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದರೂ ನಡುಗದ ಬೆರಳು ಈಗ ನಡುಗುತ್ತಿದ್ದವು.

ಅವಳು ಬಾಟಲಿಯನ್ನು ಕೆಳಗಿಳಿಸಿದಳು.

"ಅಜ್ಜ, ನಂಗೆ ಭಯ ಆಗುತ್ತೆ. ಬಾಟಲಿ ತುದಿ ನಿನ್ನ ಕಣ್ಣಿಗೆ ತಾಗಿಬಿಟ್ರೆ ಅಂತ."

ಅಜ್ಜ ತಟ್ಟನೆ ಕಣ್ಣು ಬಿಟ್ಟ. "ನಿಂಗೂನಾ?"

ಗಿಣಿ ಅವನನ್ನೇ ನೋಡಿದಳು. ಎಣ್ಣೆಯ ಮಾತು, ಗಡಿಯಾರದ ಮಾತು, ಅವಳ ಕೈ ಸರಿಯಿಲ್ಲವೆಂಬ ಮಾತು ಎಲ್ಲವೂ ಅವಳಿಗೆ ಈಗ ಅರ್ಥವಾಯಿತು. ಅವಳು ಅದನ್ನು ಅಮ್ಮನಿಗೆ ಹೇಳಲಿಲ್ಲ.

"ಹ್ಞೂಂ," ಎಂದಳು ಮೆಲ್ಲಗೆ. "ತುಂಬಾ."

"ಸರಿ ಹಾಗಾದ್ರೆ," ಎಂದ ಅಜ್ಜ, "ಇಬ್ರೂ ಹೆದರಿಕೊಂಡೇ ಹಾಕೋಣ."

ಗಿಣಿ ಕೆಳರೆಪ್ಪೆಯನ್ನು ಮೆತ್ತಗೆ ಎಳೆದಳು. ತೊಟ್ಟು ಕಣ್ಣೊಳಗೇ ಬಿತ್ತು.