ಮಡಿಗಳದ ಕೆಳಗಿನ ನೆಲ

ಹೊಳೆನರಸೀಪುರದ ನಮ್ಮ ಮನೆಗೆ ಬಂದು, ನಡುಮನೆಯ ನೆಲವನ್ನು ಬೇಕಾದರೆ ನೀವೇ ಮುಟ್ಟಿ ನೋಡಿ.

ನಮ್ಮಕ್ಕ ಅಲಮೇಲುಗೆ ಗೀಳು ಕಾಯಿಲೆ. ನಡುಮನೆಯ ಎತ್ತರದ ಬಿದಿರಿನ ಗಳದ ಮೇಲೆ ಒಣಹಾಕಿದ ಮಡಿಸೀರೆಯನ್ನು ಯಾರೋ ಮುಟ್ಟಿದರು ಅಂತ ಇಳಿಸಿ, ಮತ್ತೆ ಮತ್ತೆ ಒಗೆಯೋಳು. ಕೈಯ ಚರ್ಮವೆಲ್ಲ ಸುಲಿದಿತ್ತು. ೨೦೦೭ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತಲೆಗೆ ಅಯಸ್ಕಾಂತದ ಸುರುಳಿ ಹಿಡಿದು ಚಿಕಿತ್ಸೆ ಕೊಟ್ಟರು. ಕೊಯ್ಯಲಿಲ್ಲ, ಚುಚ್ಚಲಿಲ್ಲ, ಟಕ್ ಟಕ್ ಅನ್ನೋ ಸದ್ದು ಮಾತ್ರ. ಅಕ್ಕ ಒಗೆಯೋದು ಬಿಟ್ಟಳು.

ಊರಿಗೆ ಬಂದ ಮಧ್ಯಾಹ್ನ, ಆ ಬೇಸಿಗೆ ಸೆಕೆಯಲ್ಲಿ, ಗಳದ ಮೇಲಿನ ಸೀರೆ ತೊಟ್ಟಿಕ್ಕುತ್ತಿತ್ತು. ಟಕ್ ಟಕ್. ಮುಟ್ಟಿದರೆ ಕೊರೆಯುವಷ್ಟು ತಣ್ಣಗಿತ್ತು.

"ಒಗೆದೆಯೇನೇ ಅಕ್ಕ?"

"ಯಾರೋ ಮುಟ್ಟಿದಾರೆ ಅಂತ ನಂಗೀಗ ಅನ್ಸಲ್ಲ ಕಣೋ," ಅಂದಳು. "ಆ ಸೀರೆಗೇ ಅನ್ಸತ್ತೆ."

ಆ ಸೀರೆಯನ್ನೇ ಉಡಿಸಿ ಅಕ್ಕನನ್ನು ಸುಟ್ಟು ವರ್ಷಗಳಾದವು. ಗಳ ಖಾಲಿಯಿದೆ. ಕೆಳಗಿನ ನೆಲ ಇನ್ನೂ ಒಣಗಿಲ್ಲ.