ಬೋರಲು ಹಾಕಿದ ಹರಿಗೋಲು

"ಏಯ್! ಕಣ್ಣು ಎಂಜಿನ್ ಒಳಕ್ಕೆ ಬಿದ್ದೋಗವಾ?"

ಇಂದ್ರಾಣಿ ಕೂಗಿದ ರಭಸಕ್ಕೆ ಹೆಮ್ಮಿಗೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿ ನಂಜನಗೂಡಿನಲ್ಲಿ ಇಳಿದವು. ಹದಿನಾರು ಸಾವಿರ. ನಂಬದಿದ್ದರೆ ಬೆಳ್ಳಕ್ಕಿಗಳನ್ನೇ ಕೇಳಿ!

ಕಾವೇರಿಯ ನಟ್ಟನಡುವೆ ಅವಳ ಹರಿಗೋಲು ಬುಗುರಿಯಂತೆ ಗಿರಗಿರ ತಿರುಗುತ್ತಿತ್ತು. ಒಳಗಿದ್ದ ಮಂಚಮ್ಮನ ಸೊಪ್ಪಿನ ಮಂಕರಿ ತುಂಬ ನೀರು. ಅಲೆ ಎಬ್ಬಿಸಿದ್ದು ಪಕ್ಕದಲ್ಲಿ ಗುಡುಗುತ್ತ ಬಂದ ಬಿಳಿ ಫೈಬರ್ ಬೋಟು.

ಎಂಜಿನ್ ಆರಿಸಿ ಒಬ್ಬ ಎದ್ದು ನಿಂತ. "ಸಾರಿ ಕಣ್ರೀ... ಹೊಸ ಬೋಟು, ಇನ್ನೂ ಕೈಗೆ ಬಗ್ಗಿಲ್ಲ."

"ಬಗ್ಗಿಸ್ಕೊಂಡು ಬರಬೇಕಿತ್ತು!" ಕೈಲಿದ್ದ ಹುಟ್ಟಿನಿಂದ ಅವನ ಬೋಟಿಗೆ ಒಂದು ಬಾರಿಸಿದಳು.

ಅವನು ನಕ್ಕ. ಅವಳ ಎದೆ ಧಸಕ್ಕೆಂದಿತು.

'ಎದೆಯಲ್ಲ... ಭುಜ ನೋವು,' ಅಂದುಕೊಂಡಳು.

ನೋಯದೆ ಏನು? ಅಪ್ಪ ದೊಡ್ಡಮಾದಯ್ಯನ ತೋಳಿನ ಶಕ್ತಿ ಹೋದ ಮೇಲೆ ಮೂರು ವರ್ಷದಿಂದ ಜನರನ್ನು ದಾಟಿಸುತ್ತಿದ್ದವಳು ಅವಳೇ. ಹುಟ್ಟು ಹಾಕಿದ ಅಷ್ಟೂ ದೂರ ನೇರ ಹೋಗಿದ್ದರೆ ಲಂಕೆ ಮುಟ್ಟಿ, ಊಟ ಮುಗಿಸಿ, ವಾಪಸ್ ಬರಬಹುದಿತ್ತು! ಸಂಜೆಯಾದರೆ ತುತ್ತು ಎತ್ತುವುದಕ್ಕೂ ಕೈ ಏಳುತ್ತಿರಲಿಲ್ಲ.

ಬೋಟಿನವನು ಹುಲ್ಲಹಳ್ಳಿಯ ಪ್ರೇಮ್‌ಕುಮಾರ್. ಹೊಳೆ ದಾಟಿಸುವ ಈ ಕಡವಿನಲ್ಲಿ ಇನ್ನು ಒಂದೇ ಅರ್ಜಿಗೆ ಪರ್ಮಿಷನ್ ಅಂತ ಪಂಚಾಯ್ತಿ ಹೇಳಿತ್ತು. ಮುಂದಿನ ತಿಂಗಳು ಹರಿಗೋಲು, ಬೋಟು ಎರಡನ್ನೂ ನೀರಿಗಿಳಿಸಿ ನೋಡುವುದು, ಗೆದ್ದದ್ದು ಉಳಿಯುವುದು.

ದಡದಲ್ಲಿ ಅಂದಿನಿಂದ ಅದೇ ಮಾತು. ಫೈಬರ್ ಬೋಟು ಇಪ್ಪತ್ತೆರಡು ಅಡಿ, ಹದಿನಾಲ್ಕು ಜನ, ವಯಸ್ಸು ಒಂದು ತಿಂಗಳು. ಹರಿಗೋಲು ಎಂಟಡಿ ಅಗಲ, ಆರು ಜನ, ವಯಸ್ಸು ಇಂದ್ರಾಣಿಗಿಂತ ಎರಡು ವರ್ಷ ಹೆಚ್ಚು. ಅದರ ಬಿದಿರು ನಾಲ್ಕು ಸಲ ಬದಲಾಗಿತ್ತು, ಟಾರು ವರ್ಷಾವರ್ಷ ಬದಲಾಗುತ್ತಿತ್ತು. ಮಿಕ್ಕಿದ್ದೆಲ್ಲ ಹಳೇದೇ!

ಸಂಜೆ ಸಂಜೆ ಪ್ರೇಮ್ ಇತ್ತ ದಡಕ್ಕೆ ಬರತೊಡಗಿದ. ದಣಿದ ಇಬ್ಬರೂ ಸುಮ್ಮನೆ ಕೂರುತ್ತಿದ್ದರು. ದೊಡ್ಡಮಾದಯ್ಯ ಮಾತ್ರ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದ.

"ಅರಿಗೋಲು ಬೋರಲಾಕಿ ಮ್ಯಾಲೆ ಉಟ್ಟು ಮಡಗಿದ್ರೆ ಕಡವಿಲ್ಲ, ದಾಟ್ಸಕಿಲ್ಲ ಅಂತ ಕಣಪ್ಪಾ. ಆಮೇಕೆ ಯಾರೂ ಕೂಗಂಗಿಲ್ಲ, ಯಾಕೆ ಅಂತ ಕೇಳಂಗಿಲ್ಲ. ನಮ್ಮಪ್ಪನ ಕಾಲದ ಕಟ್ಟಳೆ."

ಪ್ರೇಮ್ ತಲೆಯಾಡಿಸಿದ.

ಒಂದು ಸಂಜೆ ಅವನೇ ಬಾಯಿಬಿಟ್ಟ. "ಯಾವುದು ಗೆದ್ದರೂ ಸರಿ... ನೀನೊಬ್ಬಳೇ ಹುಟ್ಟು ಹಾಕೋದು ನೋಡಕ್ಕಾಗಲ್ಲ ಇಂದ್ರಾಣಿ. ನನ್ನ ಮದುವೆ ಆಗ್ತೀಯಾ?"

ಅವಳು ಹರಿಗೋಲಿನತ್ತ ನೋಡಿದಳು. "ನಾಳೆ... ನಾಳೆ ಬಾ, ಹೇಳ್ತೀನಿ."

ಹೇಳಬೇಕಾದ್ದು 'ಹೂಂ' ಒಂದೇ. ಆದರೆ ಮಾಸಿದ ಹರಿಗೋಲು ಹೊಸ ಬೋಟಿನ ಪಕ್ಕ ಹೇಗೆ ನಿಂತೀತು? ಬೆಳಗಾಗುತ್ತಲೇ ಟಾರು ಕಾಯಿಸಿ ತಳಕ್ಕೆಲ್ಲ ಬಳಿದಳು. ಒಣಗಲಿ ಅಂತ ಬೋರಲು ಹಾಕಿ, ಕೈ ಸೋತು ಹುಟ್ಟನ್ನು ಅಂಚಿನ ಮೇಲೆ ಒರಗಿಸಿ, ಸ್ನಾನಕ್ಕೆ ಓಡಿದಳು. ಮಲ್ಲಿಗೆ ಮುಡಿದು ಬರುವಷ್ಟರಲ್ಲಿ ಪ್ರೇಮ್ ಬಂದು ಹೋಗಿಯೂ ಆಗಿತ್ತು!

ಪಾಪ, ಫೈಬರಿನವನು. ಅದಕ್ಕೆ ಟಾರೂ ಇಲ್ಲ, ಒಣಗಿಸುವುದೂ ಇಲ್ಲ. ಬೋರಲು ಬಿದ್ದ ಹರಿಗೋಲು, ಮೇಲೆ ಹುಟ್ಟು... ಅವನಿಗೆ ಕಟ್ಟಳೆ ನೆನಪಾಯಿತು, ಅದೇ ಅವಳ ಉತ್ತರ ಅಂದುಕೊಂಡ. ಕೂಗಲಿಲ್ಲ, ಕೇಳಲಿಲ್ಲ.

ಒಂದು ದಿನ... ಎರಡು ದಿನ... ಐದು ದಿನ. ಆಚೆ ದಡದಲ್ಲೇ ಬೋಟು ಓಡಿಸುತ್ತಿದ್ದ. ಇತ್ತ ಕಣ್ಣೆತ್ತಲಿಲ್ಲ.

'ಗೆಲ್ಲೋಕೋಸ್ಕರ ನನ್ನ ಮೆತ್ತಗೆ ಮಾಡಿದನಾ?'

ಹೋಗಿ ಕೇಳೋಣವೆಂದರೆ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಕೋಪ ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ!

ಪರೀಕ್ಷೆಯ ದಿನ ಬಂತು. ಮುಂಗಾರಿನ ಗಾಳಿ ಬಂದಿತ್ತು, ಮಳೆ ಬಂದಿರಲಿಲ್ಲ. ನದಿ ಮೊಣಕಾಲಿಗಿಳಿದು ಬಂಡೆಗಳ ನೆತ್ತಿ ಕಾಣುತ್ತಿತ್ತು. ಪಂಚಾಯ್ತಿಯ ಪಿಡಿಒ ಮಹಾದೇವಸ್ವಾಮಿ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೈಗಡಿಯಾರ ನೋಡುತ್ತಿದ್ದರು.

ಜನರ ಬದಲು ಮರಳುಮೂಟೆ ಹೇರಿಕೊಂಡ ಬೋಟು ಬಾಣದಂತೆ ಹೊರಟಿತು. ಗುಂಪೆಲ್ಲ ಸಿಳ್ಳೆ! ನಡುನೀರಿನಲ್ಲಿ ಕರ್ರ್... ಎಂಜಿನ್ನಿನ ಫ್ಯಾನು ಬಂಡೆಗೆ ಕಚ್ಚಿಕೊಂಡು ಬೋಟು ನಿಂತೇಬಿಟ್ಟಿತು.

"ಬಿಡು ಮಗಾ, ಗೆದ್ದೆ ನೀನು," ಅಂದಳು ಮಂಚಮ್ಮ.

ಇಂದ್ರಾಣಿ ಹರಿಗೋಲನ್ನು ನೀರಿಗೆ ತಳ್ಳಿದಳು. ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ಭುಜ ಕೈಕೊಟ್ಟಿತು. ವಾಪಸ್ ಬಂದು ಮಂಚಮ್ಮನ ಕರೀ ಕೊಡೆ ಕಿತ್ತುಕೊಂಡು ಗಾಳಿಗೆ ಬಿಚ್ಚಿ ಹಿಡಿದಳು. ಹಾಯಿದೋಣಿ! ಸಮುದ್ರದ ಹಡಗುಗಳೆಲ್ಲ ನಾಚಿ ಮುಳುಗಬೇಕು, ಹಾಗೆ ತೇಲಿತು ಹರಿಗೋಲು, ಬಂಡೆಗಳ ನೆತ್ತಿ ಸವರಿಕೊಂಡು.

ಪ್ರೇಮ್ ಬೋಟು ಬಿಟ್ಟು ಹರಿಗೋಲು ಹತ್ತಿ ಕೂತ. ಮುಖ ನೋಡಲಿಲ್ಲ.

"ಯಾಕೆ ಬಂದೆ? ಬೇಡ ಅಂದವಳು..."

"ಯಾರು ಬೇಡ ಅಂದ್ರು?"

"ಬೋರಲು ಹಾಕಿದ್ದೆಯಲ್ಲ. ಮೇಲೆ ಹುಟ್ಟು ಬೇರೆ. ಕೇಳಬಾರದು ಅಂತ ನಿಮ್ಮಪ್ಪನೇ ಹೇಳಿದ್ದು..."

ಇಂದ್ರಾಣಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಅವನ ಕೈ ಹಿಡಿದು ಹರಿಗೋಲಿನ ಅಂಚಿನಾಚೆಗೆ ಒತ್ತಿದಳು. ಬಿಸಿಲಿಗೆ ಮೆತ್ತಗಾದ ಟಾರು ಐದು ಬೆರಳಿಗೂ ಅಂಟಿತು.

"ಟಾರು ಒಣಗಿಸ್ತಿದ್ದೆ ಕಣೋ! ನಿನ್ನ ಬೋಟಿನ ಪಕ್ಕ ನಿಲ್ಲಿಸೋಣ ಅಂತ..." ಕಣ್ಣೀರು ಉಕ್ಕಿತು. "ಮಲ್ಲಿಗೆ ಮುಡ್ಕೊಂಡು ಐದು ದಿನ ಕಾದೆ ಗೊತ್ತಾ?"

ಪ್ರೇಮ್ ಕಪ್ಪಾದ ಬೆರಳುಗಳನ್ನೇ ನೋಡುತ್ತ ಕೂತ. "ಅಂದ್ರೆ..."

"ಅಂದ್ರೆ ಹೂಂ. ಹೂಂ! ಇನ್ನೆಷ್ಟು ಸಲ ಹೇಳಲಿ?"

ದಡದಿಂದ ಪಿಡಿಒ ಕೂಗಿದರು. "ತುಂಬಿದ ಹೊಳೆಗೆ ಬೋಟು, ಇಳಿದ ಹೊಳೆಗೆ ಹರಿಗೋಲು! ಎರಡೂ ಒಂದೇ ಮನೆಯವಾದ್ರೆ ನನಗೆ ಒಂದೇ ಅರ್ಜಿ ಸಾಕು ಕಣಮ್ಮಾ! ಬೇಗ ಬನ್ನಿ, ಬಿಸಿಲು!"

"ಸುಸ್ತಾಗಿದೆ ಕಣೋ ಪ್ರೇಮ್... ತುಂಬಾ ಸುಸ್ತಾಗಿದೆ."

"ಹುಟ್ಟು ಇತ್ತ ಕೊಡು."

ಕೊಟ್ಟಳು. ಎಂಜಿನ್ನಿನವನ ಕೈಗೆ ಹರಿಗೋಲು ಬಗ್ಗೀತೇ? ನಿಂತಲ್ಲೇ ಸಾವಿರ ಸುತ್ತು ಸುತ್ತಿತು. ಹೋಗಲಿ, ಮೂರು ಸುತ್ತು. ಈ ಒಂದು ಲೆಕ್ಕದಲ್ಲಿ ಮಾತ್ರ ಸುಳ್ಳು ಹೇಳಲಾರೆ.

ಅವಳು ಅವನ ಭುಜಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

"ಇನ್ನು ಮುಂದೆ ಬೋರಲು ಹಾಕಿದ್ರೆ ಏನಂತ ತಿಳೀಲಿ?"

"ಟಾರು ಒಣಗ್ತಿದೆ ಅಂತ. ಕೋಪ ಬಂದ್ರೆ ಬಾಯಲ್ಲೇ ಬೈತೀನಿ."

"ಈಗ ಹೇಳ್ಕೊಡು, ದಡಕ್ಕೆ ಹೆಂಗೆ ಹೋಗೋದು?"

"ಇನ್ನೊಂದು ಸುತ್ತು ಸುತ್ಲಿ ಬಿಡು..."