ಹೊರಗೆ ಹೋದ ದಾಖಲೆಯಿಲ್ಲ

ಇದು ನನಗೇ ಆದದ್ದು, ಯಾರೋ ಹೇಳಿದ್ದಲ್ಲ. ಪರದೇಶದಲ್ಲಿ ನರ್ಸ್ ಆಗಿರುವ ಮಗಳು ಪ್ರತೀಕ್ಷಾಳ ಬಾಣಂತನಕ್ಕೆ ಹೋಗಲು ಅಣ್ಣಿಗೇರಿಯ ಆನ್‌ಲೈನ್ ಸೆಂಟರಿನಿಂದ ವೀಸಾಕ್ಕೆ ಅರ್ಜಿ ಹಾಕಿದ್ದೆ. ಎರಡು ಸಲ ಕಾರಣ ಹೇಳದೆ ತಿರಸ್ಕರಿಸಿದರು. ಮೂರನೇ ಸಲ ಕಾರಣ ಬಂತು: ‘ನೀವು ನಿನ್ನೆಯೇ ನಮ್ಮ ಗಡಿ ದಾಟಿ ಒಳಗೆ ಬಂದಿದ್ದೀರಿ. ಹೊರಗೆ ಹೋದ ದಾಖಲೆಯಿಲ್ಲ.’

“ನಾ ಹುಬ್ಬಳ್ಳಿ ಸುದ್ದಾ ದಾಟಿಲ್ಲೋ ಫಕೀರೇಶ! ಅಲ್ಲಿ ಯಾರಿಗರ ಫೋನ್ ಹಚ್ಚು,” ಎಂದು ಸೆಂಟರಿನವನ ಮೇಲೆ ರೇಗಿದೆ.

“ಯಾರಿಗ್ ಹಚ್ಚಲ್ರಿ ಅಕ್ಕಾರ? ಅಲ್ಲಿ ಮಾರಿ ಗುರುತಿಸೂದು, ಒಳಗ ಬಿಡೂದು ಎಲ್ಲಾ ಎಐ. ಕೇಳಾಕ ಮನಷ್ಯಾರ ಇಲ್ರಿ.”

ಅವನು ಗಡಿ ಕ್ಯಾಮೆರಾದ ಫೋಟೊ ತೆರೆದ. ಅದರಲ್ಲಿ ನಾನೇ ಇದ್ದೆ. ಉಟ್ಟಿದ್ದು ನಾನು ಅಂದು ಬೆಳಿಗ್ಗೆಯಷ್ಟೇ ಘಡಿ ಮುರಿದು ಮೊದಲ ಸಲ ಉಟ್ಟ ಹೊಸ ಹಸಿರು ಸೀರೆ. ಸೆರಗಿನಿಂದ ನೀರು ಸೋರುತ್ತಿತ್ತು. ಫೋಟೊದ ಮೇಲೆ ನಿನ್ನೆಯ ತಾರೀಕಿತ್ತು.

ಮಗಳಿಗೆ ಫೋನ್ ಹಚ್ಚಿದೆ. “ಈ ಸಲಾನೂ ಬಿಡಲಿಲ್ಲ ನೋಡವಾ.”

ಅವಳು ಪಿಸುಗುಟ್ಟಿದಳು: “ಯಾರ್ರಿ ನೀವು? ನಮ್ಮವ್ವ ನಿನ್ನೇನ ಬಂದಾಳ. ಕೂಸಿಗೆ ನೀರ ಎರಿಯಾಕತ್ತಾಳ.”

ಫೋನಿನಲ್ಲಿ ಅವಳ ಹಿಂದೆ ನೀರು ಹೊಯ್ಯುವ ಸದ್ದು, ಅದರ ಜೊತೆಗೆ ನನ್ನದೇ ದನಿಯ ಜೋಗುಳ ಕೇಳುತ್ತಿತ್ತು.

ನಾಲ್ಕನೇ ಅರ್ಜಿ ಹಾಕಿದ್ದೇನೆ. ಉತ್ತರ ಬಂದಿಲ್ಲ. ಮಗಳು ನನ್ನ ಫೋನ್ ಎತ್ತುತ್ತಿಲ್ಲ.